ಆಲ್ಕೊಹಾಲ್, ಈಥರ್, ಥಯಾಲ್: ಪರೀಕ್ಷೆ ತಪ್ಪು ಹೇಳಿದಾಗ ಎಲ್ಲಿಂದ ಹುಡುಕಬೇಕು

ಬೆಂಗಳೂರಿನ ಪದವಿ ತರಗತಿಗಳ ಸಾವಯವ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ನಾನು ಮತ್ತೆ ಮತ್ತೆ ಕಂಡಿರುವ ಒಂದು ತಪ್ಪಿನಿಂದಲೇ ಈ ಕೈಪಿಡಿಯನ್ನು ಆರಂಭಿಸುತ್ತೇನೆ. ವಿದ್ಯಾರ್ಥಿಗೆ ಕೊಟ್ಟ ಅಪರಿಚಿತ ದ್ರವವು 80 ಡಿಗ್ರಿ ಸೆಲ್ಸಿಯಸ್‌ಗಿಂತ ತುಸು ಕೆಳಗೆ ಕುದಿಯುತ್ತದೆ. ಅಯೊಡಿನ್ ಮತ್ತು ಕ್ಷಾರ ಹಾಕಿ ನೋಡುವ ಅಯೊಡೋಫಾರ್ಮ್ ಪರೀಕ್ಷೆಯಲ್ಲಿ ಹಳದಿ ಪ್ರಕ್ಷೇಪ ಬರುತ್ತದೆ. ಆಲ್ಕೊಹಾಲ್ ಯಾವ ಬಗೆಯದೆಂದು ತಿಳಿಸುವ ಲೂಕಾಸ್ ಪರೀಕ್ಷೆಯಲ್ಲಿ ದ್ರಾವಣ ಮಬ್ಬಾಗುವುದಿಲ್ಲ. ಪಠ್ಯಪುಸ್ತಕದ ಪಟ್ಟಿಯೊಂದಿಗೆ ಹೋಲಿಸಿದರೆ ಇದು 78.3 ಡಿಗ್ರಿಯಲ್ಲಿ ಕುದಿಯುವ ಎಥನಾಲ್ ಅಲ್ಲದೆ ಬೇರೇನೂ ಅಲ್ಲ ಎನಿಸುತ್ತದೆ. ರೆಕಾರ್ಡ್ ಪುಸ್ತಕದಲ್ಲಿ ಹಾಗೆಯೇ ಬರೆದಾಗುತ್ತದೆ. ಆದರೆ ಸೀಸೆಯಲ್ಲಿದ್ದದ್ದು 2-ಪ್ರೊಪನಾಲ್.

ಇಲ್ಲಿ ವಿದ್ಯಾರ್ಥಿಯ ಕೈಕೆಲಸದಲ್ಲಿ ಲೋಪವಿರಲಿಲ್ಲ, ತರ್ಕದಲ್ಲಿಯೂ ಇರಲಿಲ್ಲ. ಮೂರು ಸಾಕ್ಷಿಗಳಲ್ಲಿ ಒಂದು ಎರಡಕ್ಕೂ ಸಮನಾಗಿ ಹೊಂದುತ್ತಿತ್ತು, ಉಳಿದ ಎರಡು ಬೇರೆ ಬೇರೆ ಕಾರಣಗಳಿಂದ ಒಂದೇ ಸುಳ್ಳನ್ನು ಹೇಳಿದ್ದವು. ಇಂಥ ಪ್ರಸಂಗಗಳನ್ನು ಬಿಡಿಸಿ ನೋಡುವಾಗ ನನಗೆ ಮನವರಿಕೆಯಾಗಿರುವ ಸಂಗತಿಯೆಂದರೆ, ಇಂಗಾಲಕ್ಕೆ OH ಗುಂಪು ಅಂಟಿದ ಆಲ್ಕೊಹಾಲ್, ಎರಡು ಇಂಗಾಲಗಳ ನಡುವೆ ಆಕ್ಸಿಜನ್ ಇರುವ ಈಥರ್ ಮತ್ತು OH ಬದಲು SH ಇರುವ ಥಯಾಲ್‌ಗಳ ಪ್ರಯೋಗದಲ್ಲಿ ಫಲಿತಾಂಶ ತಪ್ಪಿದಾಗ ಮೊದಲು ಅನುಮಾನಿಸಬೇಕಾದದ್ದು ಸಂಯುಕ್ತವನ್ನಲ್ಲ, ಅದರ ಸುತ್ತ ಇರುವುದನ್ನು: ಊರಿನ ಎತ್ತರ, ಕೋಣೆಯ ತಾಪ, ಮಾದರಿಯೊಳಗಿನ ನೀರು, ಸೀಸೆಯೊಳಗೆ ಸೇರಿದ ಗಾಳಿ, ಗಾಜಿಗಂಟಿದ ಹಿಂದಿನ ದ್ರಾವಕ. ಮುಂದಿನ ವಿವರಣೆಯು ಈ ದೃಷ್ಟಿಯಿಂದಲೇ, ಕಾಣುವ ಲಕ್ಷಣದಿಂದ ಕಾರಣದ ಕಡೆಗೆ ಸಾಗುತ್ತದೆ.

ಕುದಿಬಿಂದು ಪುಸ್ತಕಕ್ಕಿಂತ ಕಡಿಮೆ ಬಂದರೆ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ವಾತಾವರಣದ ಒತ್ತಡ ಸಾಮಾನ್ಯವಾಗಿ 685 ಮಿಲಿಮೀಟರ್ ಪಾದರಸದ ಆಸುಪಾಸಿನಲ್ಲಿರುತ್ತದೆ. ಪುಸ್ತಕದ ಪಟ್ಟಿಗಳಾದರೋ 760 ಮಿಲಿಮೀಟರಿಗೆ ಸಂಬಂಧಿಸಿದವು. ಈ ವ್ಯತ್ಯಾಸದಿಂದಾಗಿ ನೀರು ಇಲ್ಲಿ 97 ಡಿಗ್ರಿಯಲ್ಲಿಯೇ ಕುದಿಯುತ್ತದೆ, ಮತ್ತು ನಮ್ಮ ತರಗತಿಯಲ್ಲಿ ಬಳಕೆಯಾಗುವ ಆಲ್ಕೊಹಾಲ್‌ಗಳು ಸರಿಸುಮಾರು ಎರಡೂವರೆಯಿಂದ ಮೂರು ಡಿಗ್ರಿ ಕೆಳಗೆ ಕುದಿಯುತ್ತವೆ. ಎಥನಾಲ್ 75.7 ಡಿಗ್ರಿಯ ಬಳಿ ಬರಬೇಕು, ಪಟ್ಟಿಯಲ್ಲಿ 82.4 ಎಂದಿರುವ 2-ಪ್ರೊಪನಾಲ್ 80 ಡಿಗ್ರಿಗೆ ತುಸು ಕೆಳಗೆ ಬರಬೇಕು. ಹೀಗಾಗಿ 2-ಪ್ರೊಪನಾಲ್‌ನ ಬೆಂಗಳೂರಿನ ಅಂಕಿಯು ಎಥನಾಲ್‌ನ ಪುಸ್ತಕದ ಅಂಕಿಯ ಪಕ್ಕಕ್ಕೆ ಬಂದು ಕೂರುತ್ತದೆ. ಇದಕ್ಕಿಂತ ವಂಚಕವಾದ ಜೋಡಿ ಇನ್ನೊಂದಿದೆ: 99.5 ಡಿಗ್ರಿಯ 2-ಬ್ಯುಟನಾಲ್ ಇಲ್ಲಿ 97ರ ಸಮೀಪ ಕುದಿಯುತ್ತದೆ, 1-ಪ್ರೊಪನಾಲ್‌ನ ಪುಸ್ತಕದ ಬೆಲೆ 97.2. ತಾಪಮಾಪಕ ಎಷ್ಟೇ ನಿಖರವಾಗಿದ್ದರೂ ಈ ತಪ್ಪನ್ನು ತಪ್ಪಿಸಲಾರದು; ವಾಸ್ತವವಾಗಿ ತಾಪಮಾಪಕ ನಿಖರವಾಗಿದ್ದಷ್ಟೂ ತಪ್ಪು ಹೆಸರಿನ ಮೇಲೆ ನಂಬಿಕೆ ಹೆಚ್ಚುತ್ತದೆ.

ಪರಿಹಾರ ಸುಲಭ. ಪ್ರತಿ ಅವಧಿಯ ಆರಂಭದಲ್ಲಿ ಅದೇ ಉಪಕರಣದಲ್ಲಿ, ಅದೇ ತಾಪಮಾಪಕದಿಂದ, ಬಟ್ಟಿ ಇಳಿಸಿದ ನೀರಿನ ಕುದಿಬಿಂದುವನ್ನು ಒಮ್ಮೆ ನೋಡಬೇಕು. ಅದು 97ರ ಆಚೀಚೆ ಬಂದರೆ ಉಪಕರಣ ಸರಿಯಾಗಿದೆ, ತಿದ್ದುಪಡಿ ಮಾತ್ರ ಬಾಕಿ. 94 ಅಥವಾ 95 ಬಂದರೆ ತಾಪಮಾಪಕದ ಬುರುಡೆಯು ಪಾರ್ಶ್ವನಾಳದ ಮಟ್ಟಕ್ಕಿಂತ ಮೇಲಿದೆಯೇ, ಆವಿಯು ಅದನ್ನು ಪೂರ್ತಿಯಾಗಿ ತೋಯಿಸುತ್ತಿದೆಯೇ ಎಂದು ನೋಡಬೇಕು. ಒತ್ತಡದ ನೇರ ಅಳತೆ ಬೇಕಿದ್ದರೆ ಭೌತಶಾಸ್ತ್ರ ವಿಭಾಗದ ಫೋರ್ಟಿನ್ ವಾಯುಭಾರಮಾಪಕವನ್ನು ಓದಿಕೊಂಡು ಬರುವುದು ಒಳ್ಳೆಯದು. ಮೊಬೈಲಿನ ಹವಾಮಾನ ಆ್ಯಪ್ ತೋರಿಸುವ 1010 ಅಥವಾ 1012 ಹೆಕ್ಟೊಪ್ಯಾಸ್ಕಲ್ ಎಂಬ ಅಂಕಿಯನ್ನು ಇಲ್ಲಿ ಬಳಸಕೂಡದು. ಅದು ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ ಒತ್ತಡ; ನಮ್ಮ ಫ್ಲಾಸ್ಕಿನ ಮೇಲೆ ನಿಜವಾಗಿ ಬೀಳುತ್ತಿರುವ ಒತ್ತಡ 910 ಹೆಕ್ಟೊಪ್ಯಾಸ್ಕಲ್‌ನ ಸಮೀಪದ್ದು. ಆ ಅಂಕಿಯನ್ನು ನಂಬಿ ತಿದ್ದುಪಡಿಯೇ ಬೇಡವೆಂದು ತೀರ್ಮಾನಿಸಿದ ಜಾಣರನ್ನೂ ನಾನು ಕಂಡಿದ್ದೇನೆ.

ಕುದಿಬಿಂದು ನಿಲ್ಲದೆ ನಿಧಾನವಾಗಿ ಏರುತ್ತಲೇ ಹೋದರೆ ಅದು ಎತ್ತರದ ದೋಷವಲ್ಲ, ಮಿಶ್ರಣದ ಲಕ್ಷಣ; ಬಹುಪಾಲು ಪ್ರಸಂಗಗಳಲ್ಲಿ ಬೆರೆತಿರುವುದು ನೀರು. ಆದರೆ ತಾಪ ಸ್ಥಿರವಾಗಿ ನಿಂತ ಮಾತ್ರಕ್ಕೆ ನೀರಿಲ್ಲವೆಂದು ಹೇಳುವಂತಿಲ್ಲ. ತೂಕದಲ್ಲಿ ಶೇಕಡಾ 95.6 ಎಥನಾಲ್ ಇರುವ ಮಿಶ್ರಣವು 760 ಮಿಲಿಮೀಟರ್ ಒತ್ತಡದಲ್ಲಿ 78.2 ಡಿಗ್ರಿಯಲ್ಲಿ, ಒಂದೇ ವಸ್ತುವೆಂಬಂತೆ, ಸಂಯೋಜನೆ ಬದಲಾಗದೆ ಆವಿಯಾಗುತ್ತದೆ. ಎಷ್ಟು ಬಾರಿ ಬಟ್ಟಿ ಇಳಿಸಿದರೂ ಅದರಲ್ಲಿನ ನೀರು ಹೋಗುವುದಿಲ್ಲ. ನಿರ್ಜಲ ತಾಮ್ರದ ಸಲ್ಫೇಟಿನ ಬಿಳಿ ಪುಡಿಯ ಚಿಟಿಕೆಯೊಂದನ್ನು ಹಾಕಿ ಅದು ನೀಲಿಯಾಗುವುದೇ ಎಂದು ನೋಡುವುದು ಇಂಥ ಮಾದರಿಗೆ ತಕ್ಕ ಪರೀಕ್ಷೆ.

ಲೂಕಾಸ್ ಪರೀಕ್ಷೆ ಮಬ್ಬಾಗದಿದ್ದರೆ, ಅಥವಾ ಬೇಗನೆ ಮಬ್ಬಾದರೆ

ಹೊವರ್ಡ್ ಲೂಕಾಸ್ 1930ರಲ್ಲಿ ಪ್ರಕಟಿಸಿದ ಈ ಪರೀಕ್ಷೆಯ ತಿರುಳು ಸರಳವಾದದ್ದು. ನಿರ್ಜಲ ಸತುವಿನ ಕ್ಲೋರೈಡನ್ನು ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿದ ಕಾರಕದಲ್ಲಿ ಆಲ್ಕೊಹಾಲ್ ಕರಗುತ್ತದೆ, ಅದರಿಂದ ಉಂಟಾಗುವ ಆಲ್ಕೈಲ್ ಕ್ಲೋರೈಡ್ ಕರಗದೆ ಮಬ್ಬಾಗಿ ಕಾಣಿಸುತ್ತದೆ. OH ಹೊತ್ತ ಇಂಗಾಲಕ್ಕೆ ಬೇರೆ ಮೂರು ಇಂಗಾಲಗಳು ಅಂಟಿರುವ ತೃತೀಯಕ ಆಲ್ಕೊಹಾಲ್ ಕೂಡಲೇ, ಎರಡು ಅಂಟಿರುವ ದ್ವಿತೀಯಕವು ಐದು ನಿಮಿಷಗಳ ಸುಮಾರಿಗೆ ಮಬ್ಬಾಗುತ್ತದೆ. ಒಂದೇ ಅಂಟಿರುವ ಪ್ರಾಥಮಿಕವು ಕೋಣೆಯ ತಾಪದಲ್ಲಿ ಮಬ್ಬಾಗುವುದಿಲ್ಲ.

ಈ ಒಂದೊಂದು ಮಾತಿನ ಹಿಂದೆಯೂ ಒಂದೊಂದು ದೋಷ ಅಡಗಿದೆ. ಮೊದಲನೆಯದು ಕಾರಕದ್ದು. 136 ಗ್ರಾಂ ನಿರ್ಜಲ ಸತುವಿನ ಕ್ಲೋರೈಡನ್ನು 105 ಗ್ರಾಂ ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತಣ್ಣಗಿಟ್ಟುಕೊಂಡು ಕರಗಿಸಬೇಕು. ಸತುವಿನ ಕ್ಲೋರೈಡ್ ಮಳೆಗಾಲದ ಗಾಳಿಯಲ್ಲಿ ಕೆಲವೇ ನಿಮಿಷಗಳಲ್ಲಿ ನೀರು ಹೀರಿ ಒದ್ದೆಯಾಗುವ ಲವಣ. ಮುಚ್ಚಳ ಸಡಿಲವಿದ್ದ ಡಬ್ಬಿಯಿಂದ ಗಟ್ಟಿಯಾದ ಹೆಂಟೆಗಳನ್ನು ಒಡೆದು ತೂಗಿ ಹಾಕಿದರೆ ನಾವು ತೂಗಿದ್ದರಲ್ಲಿ ನೀರಿನ ಪಾಲೂ ಇರುತ್ತದೆ, ಕಾರಕ ದುರ್ಬಲವಾಗುತ್ತದೆ, ದ್ವಿತೀಯಕ ಆಲ್ಕೊಹಾಲ್ ಪ್ರಾಥಮಿಕದಂತೆ ಮೌನವಾಗಿ ನಿಲ್ಲುತ್ತದೆ. ಆದ್ದರಿಂದ ಅಪರಿಚಿತ ಮಾದರಿಯ ಜೊತೆಗೆ ಗೊತ್ತಿರುವ 1-ಬ್ಯುಟನಾಲ್, 2-ಬ್ಯುಟನಾಲ್ ಮತ್ತು ಟರ್ಶಿಯರಿ ಬ್ಯುಟನಾಲ್‌ಗಳನ್ನು ಮೂರು ಪ್ರನಾಳಗಳಲ್ಲಿ ಅದೇ ಕಾರಕದಿಂದ, ಅದೇ ಹೊತ್ತಿನಲ್ಲಿ ಪರೀಕ್ಷಿಸಬೇಕು. ಈ ಮೂರರಲ್ಲಿ ಎರಡನೆಯದು ತಡ ಮಾಡಿದರೆ ಕಾರಕವನ್ನು ಎಸೆದು ಹೊಸದನ್ನು ಮಾಡಿಕೊಳ್ಳುವುದೇ ಸರಿ.

ಎರಡನೆಯದು ಕೋಣೆಯ ತಾಪ. ಐದು ನಿಮಿಷ ಎಂಬ ಲೆಕ್ಕವು 25ರಿಂದ 27 ಡಿಗ್ರಿಯ ಕೋಣೆಗೆ ಹೊಂದುವಂಥದ್ದು. ಡಿಸೆಂಬರ್ ಬೆಳಗಿನ ಮೊದಲ ಅವಧಿಯಲ್ಲಿ ಕಲ್ಲುಚಪ್ಪಡಿಯ ಮೇಜಿನ ಮೇಲೆ ಕಾರಕವು ಅದಕ್ಕಿಂತ ಐದಾರು ಡಿಗ್ರಿ ತಣ್ಣಗಿದ್ದರೆ ದ್ವಿತೀಯಕ ಆಲ್ಕೊಹಾಲ್ ಹತ್ತು ನಿಮಿಷ ಕಾಯಿಸುವುದು ಸಹಜ. ಪ್ರನಾಳವನ್ನು 26–27 ಡಿಗ್ರಿಯ ನೀರಿನ ತಟ್ಟೆಯಲ್ಲಿಟ್ಟು ಸಮಯ ಎಣಿಸಬೇಕು. ಅದಕ್ಕೂ ಮೇಲೆ ಬಿಸಿ ಮಾಡಬಾರದು, ಏಕೆಂದರೆ ಆಗ ಪ್ರಾಥಮಿಕವೂ ಪ್ರತಿಕ್ರಿಯಿಸತೊಡಗಿ ಪರೀಕ್ಷೆಯ ಅರ್ಥವೇ ಕೆಡುತ್ತದೆ.

ಮೂರನೆಯದನ್ನು ಆರಂಭದ ಪ್ರಸಂಗದ ಕೀಲಿಯೆಂದೇ ಹೇಳಬಹುದು. 2-ಪ್ರೊಪನಾಲ್‌ನಿಂದ ಉಂಟಾಗುವ 2-ಕ್ಲೋರೊಪ್ರೊಪೇನ್ ಸಮುದ್ರಮಟ್ಟದಲ್ಲಿಯೇ ಸುಮಾರು 36 ಡಿಗ್ರಿಯಲ್ಲಿ ಕುದಿಯುವಷ್ಟು ಹಗುರಾದ ದ್ರವ. ಬೆಂಗಳೂರಿನ ಒತ್ತಡದಲ್ಲಿ ಅದು ಇನ್ನೂ ಬೇಗ ಹಾರಿಹೋಗುತ್ತದೆ. ತೆರೆದ ಪ್ರನಾಳದಲ್ಲಿ, ಏಪ್ರಿಲ್ ಮಧ್ಯಾಹ್ನದ ಬಿಸಿಯಲ್ಲಿ, ಮಬ್ಬು ಕಟ್ಟುವ ಮೊದಲೇ ಕ್ಲೋರೈಡ್ ಆವಿಯಾಗಿ ಹೋಗಿ ದ್ರಾವಣ ತಿಳಿಯಾಗಿಯೇ ಉಳಿಯಬಹುದು. ಪ್ರನಾಳಕ್ಕೆ ಬಿರಟೆ ಹಾಕಿ ಕುಲುಕಿ ನಿಲ್ಲಿಸಿದರೆ ಈ ದೋಷ ಮಾಯವಾಗುತ್ತದೆ. ಬಿರಟೆ ಹಾಕದಿದ್ದ ಒಂದೇ ಕಾರಣಕ್ಕೆ ದ್ವಿತೀಯಕವು ಪ್ರಾಥಮಿಕವಾಯಿತು, ಊರಿನ ಎತ್ತರದ ಕಾರಣ ಕುದಿಬಿಂದು ಇಳಿಯಿತು, ಅಯೊಡೋಫಾರ್ಮ್ ಎರಡಕ್ಕೂ ಸರಿಹೊಂದಿತು. ಹೀಗೆ ಎಥನಾಲ್ ಎಂಬ ಹೆಸರು ಗಟ್ಟಿಯಾಯಿತು.

ಇದರ ವಿರುದ್ಧ ದಿಕ್ಕಿನ ತಪ್ಪುಗಳೂ ಇವೆ. ಏಳೆಂಟು ಇಂಗಾಲಗಳ ಆಲ್ಕೊಹಾಲ್ ಕಾರಕದಲ್ಲಿ ಕರಗುವುದೇ ಇಲ್ಲ, ಮೊದಲ ಹನಿಗೇ ಎರಡು ಪದರಗಳಾಗಿ ಕಾಣುತ್ತದೆ. ಅದನ್ನು ತೃತೀಯಕವೆಂದು ಓದಬಾರದು. ಬೆಂಜೈಲ್ ಆಲ್ಕೊಹಾಲ್ ರಚನೆಯಲ್ಲಿ ಪ್ರಾಥಮಿಕವಾದರೂ, ಅದರಿಂದ ಹುಟ್ಟುವ ಕಾರ್ಬೊಕ್ಯಾಟಯಾನ್ (ಧನ ಆವೇಶದ ಇಂಗಾಲವಿರುವ ಅಯಾನು) ಬೆಂಜೀನ್ ಉಂಗುರದ ಆಸರೆಯಿಂದ ಸ್ಥಿರವಾಗಿರುವ ಕಾರಣ, ತೃತೀಯಕದಷ್ಟೇ ಚುರುಕಾಗಿ ಮಬ್ಬಾಗುತ್ತದೆ.

ಎಲ್ಲ ಅನುಮಾನಗಳ ನಂತರವೂ ಹೆಸರು ಇತ್ಯರ್ಥವಾಗದಿದ್ದರೆ ಘನ ರೂಪದ ಉತ್ಪನ್ನವೊಂದನ್ನು ತಯಾರಿಸಿ ಕರಗುವ ಬಿಂದುವನ್ನು ನೋಡಬೇಕು. ಕುದಿಬಿಂದುವಿನಂತೆ ಕರಗುವ ಬಿಂದುವು ಊರಿನ ಎತ್ತರಕ್ಕೆ ಸೊಪ್ಪು ಹಾಕುವುದಿಲ್ಲ. 3,5-ಡೈನೈಟ್ರೊಬೆನ್ಜೊಯೇಟ್ ಎಸ್ಟರುಗಳಲ್ಲಿ ಎಥನಾಲ್‌ನದು 93 ಡಿಗ್ರಿಯಲ್ಲಿ, 2-ಪ್ರೊಪನಾಲ್‌ನದು 122ರ ಸುಮಾರಿನಲ್ಲಿ ಕರಗುತ್ತದೆ. ಇವೆರಡರ ನಡುವೆ ಗೊಂದಲಕ್ಕೆ ಎಡೆಯೇ ಇಲ್ಲ. ಆದರೆ 1-ಪ್ರೊಪನಾಲ್ ಮತ್ತು 2-ಬ್ಯುಟನಾಲ್‌ಗಳ ಎಸ್ಟರುಗಳು 74 ಮತ್ತು 76ರ ಬಳಿ ಒಂದರ ಪಕ್ಕದಲ್ಲೊಂದು ಕರಗುವುದರಿಂದ ಆ ಜೋಡಿಗೆ ಈ ದಾರಿ ಉಪಯೋಗವಿಲ್ಲ. ಅಲ್ಲಿ ಅಯೊಡೋಫಾರ್ಮ್ ಪರೀಕ್ಷೆಯೇ ತೀರ್ಪು ಕೊಡುತ್ತದೆ: 2-ಬ್ಯುಟನಾಲ್ ಹಳದಿ ಪ್ರಕ್ಷೇಪ ಕೊಡುತ್ತದೆ, 1-ಪ್ರೊಪನಾಲ್ ಕೊಡುವುದಿಲ್ಲ.

ಟರ್ಶಿಯರಿ ಬ್ಯುಟನಾಲ್ ಸೀಸೆಯೊಳಗೇ ಗಟ್ಟಿಯಾದರೆ

ಜನವರಿಯಲ್ಲಿ ಈ ಸೀಸೆಯನ್ನು ತೆಗೆದು ನೋಡಿದ ಹೊಸಬರು ಅದು ಕೆಟ್ಟಿದೆಯೆಂದು ದೂರು ತರುತ್ತಾರೆ. ಶುದ್ಧ ಟರ್ಶಿಯರಿ ಬ್ಯುಟನಾಲ್ 25.5 ಡಿಗ್ರಿಯ ಸುಮಾರಿಗೆ ಕರಗುವ ವಸ್ತು. ಚಳಿಗಾಲದಲ್ಲಿ ಗಟ್ಟಿಯಾಗುವುದೇ ಅದರ ಧರ್ಮ. ಸೀಸೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿದರೆ ಕರಗುತ್ತದೆ. ಅನುಮಾನ ಪಡಬೇಕಾದದ್ದು ತಣ್ಣನೆಯ ಬೆಳಗಿನಲ್ಲಿಯೂ ದ್ರವವಾಗಿಯೇ ಉಳಿದ ಸೀಸೆಯ ಬಗ್ಗೆ. ಸ್ವಲ್ಪ ನೀರು ಸೇರಿದರೂ ಇದರ ಘನೀಭವನ ಬಿಂದು ಬಹಳ ಕೆಳಕ್ಕೆ ಇಳಿಯುತ್ತದೆ. ಅತಿಶೀತನದಿಂದಲೂ ಕೆಲವೊಮ್ಮೆ ದ್ರವವಾಗಿ ಉಳಿಯಬಹುದಾದ್ದರಿಂದ, ಪ್ರನಾಳದಲ್ಲಿ ತುಸು ತೆಗೆದುಕೊಂಡು ಮಂಜುಗಡ್ಡೆಯ ನೀರಿನಲ್ಲಿಟ್ಟು ಗಾಜುಕಡ್ಡಿಯಿಂದ ಒಳಗೋಡೆಯನ್ನು ಗೀಚಿ ನೋಡಿ. ಕೋಣೆಯ ತಾಪಕ್ಕೆ ಮರಳುತ್ತಿದ್ದಂತೆ ಬೇಗನೆ ಕರಗಿಹೋದರೆ ಅದರಲ್ಲಿ ನೀರಿದೆ.

ಉಳಿದ ಬಣ್ಣದ ಪರೀಕ್ಷೆಗಳು

ಅಯೊಡೋಫಾರ್ಮ್ ಎಲ್ಲರ ಮಾದರಿಗೂ ಬಂದರೆ ತೊಳೆಯುವ ತೊಟ್ಟಿಯ ಕಡೆ ನಡೆಯಬೇಕು. ಪ್ರನಾಳಗಳು ಬೇಗ ಒಣಗಲೆಂದು ಅಸಿಟೋನಿನಿಂದ ಜಾಲಿಸುವ ಅಭ್ಯಾಸ ಹಲವೆಡೆ ಇದೆ. ಅಸಿಟೋನ್ ಸ್ವತಃ ಈ ಪರೀಕ್ಷೆಗೆ ಅತ್ಯುತ್ತಮವಾಗಿ ಓಗೊಡುವ ಕೀಟೋನ್. ಮಾದರಿಯಿಲ್ಲದೆ ಖಾಲಿ ಪರೀಕ್ಷೆಯೊಂದನ್ನು ನಡೆಸಿದರೆ ಸತ್ಯ ಹೊರಬೀಳುತ್ತದೆ. ಬರಬೇಕಾದಲ್ಲಿ ಬರದಿದ್ದರೆ, ಎಥನಾಲ್‌ಗೆ 60 ಡಿಗ್ರಿಯ ಹಿತವಾದ ಬಿಸಿ ಬೇಕೆಂಬುದನ್ನೂ, ಕ್ಷಾರವನ್ನು ವಿಪರೀತವಾಗಿ ಹಾಕಿ ಕಾಯಿಸಿದರೆ ಉಂಟಾದ ಅಯೊಡೋಫಾರ್ಮ್ ಮತ್ತೆ ವಿಭಜನೆಯಾಗುತ್ತದೆಂಬುದನ್ನೂ ನೆನಪಿಡಬೇಕು. ಪ್ರಕ್ಷೇಪವನ್ನು ಸೋಸಿ ಒಣಗಿಸಿ ಕರಗುವ ಬಿಂದು 119–120 ಡಿಗ್ರಿ ಇದೆಯೆಂದು ಖಚಿತಪಡಿಸಿಕೊಂಡರೆ ವಾದಕ್ಕೆ ಅವಕಾಶವಿರುವುದಿಲ್ಲ.

ಕ್ರೋಮಿಕ್ ಆಮ್ಲದ ಪರೀಕ್ಷೆಯಲ್ಲಿ ಕಿತ್ತಳೆ ಬಣ್ಣ ಹಸಿರಾಗುವುದು ಪ್ರಾಥಮಿಕ ಮತ್ತು ದ್ವಿತೀಯಕಗಳೆರಡಕ್ಕೂ ಸಾಮಾನ್ಯ. ಆಲ್ಡಿಹೈಡ್‌ಗಳೂ ಹೀಗೆಯೇ ವರ್ತಿಸುತ್ತವೆ. ತೃತೀಯಕ ಆಲ್ಕೊಹಾಲ್ ಹಸಿರಾದರೆ ದ್ರಾವಕವಾಗಿ ಬಳಸಿದ ಅಸಿಟೋನಿನಲ್ಲಿ 2-ಪ್ರೊಪನಾಲ್‌ನ ಕಲಬೆರಕೆ ಇದೆಯೆಂದು ಶಂಕಿಸಬೇಕು. ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕವಾದ್ದರಿಂದ ಈ ಪರೀಕ್ಷೆಯನ್ನು ಅನಿವಾರ್ಯವಾದಾಗ ಮಾತ್ರ ಮಾಡಿಸುವುದು ನನ್ನ ಪದ್ಧತಿ. ಸೀರಿಕ್ ಅಮೋನಿಯಂ ನೈಟ್ರೇಟಿನ ಹಳದಿ ಬಣ್ಣ ಕೆಂಪಾಗುವುದು ಆಲ್ಕೊಹಾಲ್‌ನ ಗುರುತು. ಆದರೆ ಆಲ್ಕೊಹಾಲ್ ಉತ್ಕರ್ಷಣಗೊಂಡಂತೆ ಕೆಂಪು ಕ್ರಮೇಣ ಅಳಿಯುವುದರಿಂದ ಕಾರಕ ಹಾಕಿದ ಕೂಡಲೇ ನೋಡಬೇಕು. ತಡವಾಗಿ ನೋಡಿದ ವಿದ್ಯಾರ್ಥಿಯ ‘ಇಲ್ಲ’ ಎಂಬ ಉತ್ತರವನ್ನು ನಂಬಬೇಡಿ.

ಸೋಡಿಯಂ ಪರೀಕ್ಷೆಯಲ್ಲಿ ಈಥರ್ ಗುಳ್ಳೆ ಬಿಟ್ಟಿತೆಂಬ ದೂರಿಗೆ ಎರಡು ಕಾರಣಗಳಿವೆ. ಒಂದು ತೇವ. ಇನ್ನೊಂದನ್ನು ಸೀಸೆಯ ಚೀಟಿಯಲ್ಲಿ ಓದಬೇಕು: ಕೆಲವು ದರ್ಜೆಯ ಡೈಎಥೈಲ್ ಈಥರ್‌ಗೆ ಎಥನಾಲನ್ನೇ ಸ್ಥಿರಕಾರಿಯಾಗಿ ಬೆರೆಸಿರುತ್ತಾರೆ. ತೇವವನ್ನು ತೆಗೆಯುವ ಲವಣದ ಆಯ್ಕೆಯಲ್ಲಿಯೂ ಎಡವುವುದುಂಟು. ಈಥರ್‌ಗೆ ನಿರ್ಜಲ ಕ್ಯಾಲ್ಸಿಯಂ ಕ್ಲೋರೈಡ್ ಒಳ್ಳೆಯದು. ಆಲ್ಕೊಹಾಲ್‌ಗೆ ಅದನ್ನು ಹಾಕಿದರೆ ಆಲ್ಕೊಹಾಲೇ ಲವಣದೊಂದಿಗೆ ಸಂಯೋಗಗೊಂಡು ಇಳುವರಿ ಕುಗ್ಗುತ್ತದೆ. ನಿರ್ಜಲ ಸೋಡಿಯಂ ಸಲ್ಫೇಟ್ ಬಳಸುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು: ಅದು ನೀರನ್ನು ಹಿಡಿದಿಡುವ ಹತ್ತು ನೀರಿನಣುಗಳ ಹೈಡ್ರೇಟ್ 32.4 ಡಿಗ್ರಿಗಿಂತ ಮೇಲೆ ಉಳಿಯುವುದಿಲ್ಲ. ಬೇಸಗೆಯ ಮಧ್ಯಾಹ್ನ ಹಂಚಿನ ಅಥವಾ ಶೀಟಿನ ಸೂರಿನಡಿಯ ಪ್ರಯೋಗಾಲಯದಲ್ಲಿ ಅದು ಒಣಗಿಸದೆ ಸುಮ್ಮನೆ ತಳದಲ್ಲಿ ಬಿದ್ದಿರುತ್ತದೆ. ಅಂಥ ದಿನಗಳಿಗೆ ಮೆಗ್ನೀಸಿಯಂ ಸಲ್ಫೇಟ್ ವಾಸಿ.

ಈಥರ್ ಸೀಸೆ: ಇಲ್ಲಿ ದೋಷ ಹುಡುಕುವ ಕ್ರಮವೇ ಬೇರೆ

ಉಳಿದ ದೋಷಗಳಿಂದ ಅಂಕ ಹೋಗುತ್ತದೆ. ಈ ದೋಷದಿಂದ ಕೈ ಕಣ್ಣು ಹೋಗಬಹುದು. ಈಥರ್‌ಗಳು ಗಾಳಿಯ ಆಕ್ಸಿಜನ್ನಿನೊಂದಿಗೆ ನಿಧಾನವಾಗಿ ಸೇರಿ ಪೆರಾಕ್ಸೈಡ್‌ಗಳಾಗುತ್ತವೆ. ಬೆಳಕು ಇದಕ್ಕೆ ವೇಗ ಕೊಡುತ್ತದೆ. ಡೈಎಥೈಲ್ ಈಥರ್, ಟೆಟ್ರಾಹೈಡ್ರೊಫ್ಯುರಾನ್, ಡೈಆಕ್ಸೇನ್ ಎಲ್ಲವೂ ಈ ಗುಂಪಿನವೇ, ಡೈಐಸೊಪ್ರೊಪೈಲ್ ಈಥರ್ ಎಲ್ಲಕ್ಕಿಂತ ಅಪಾಯಕಾರಿ. ಹಳೆಯ ಸೀಸೆಯ ಮುಚ್ಚಳದ ಸುತ್ತ ಅಥವಾ ತಳದಲ್ಲಿ ಹರಳುಗಳು ಕಂಡರೆ, ಇಲ್ಲವೇ ದ್ರವ ಎಣ್ಣೆಯಂತೆ ಗಟ್ಟಿಯಾಗಿದ್ದರೆ, ಅದನ್ನು ತೆರೆಯಲೂ ಬಾರದು, ಅಲುಗಾಡಿಸಲೂ ಬಾರದು. ಮುಚ್ಚಳ ತಿರುಗಿಸುವ ಘರ್ಷಣೆಯೇ ಸ್ಫೋಟಕ್ಕೆ ಸಾಕಾಗಬಹುದು. ಕೋಣೆಯನ್ನು ಖಾಲಿ ಮಾಡಿಸಿ, ಬಾಗಿಲಿಗೆ ಬೀಗ ಹಾಕಿ, ಪರಿಣತರಿಗೆ ತಿಳಿಸುವುದಷ್ಟೇ ನಮ್ಮ ಪಾಲಿನ ಕೆಲಸ.

ನೋಟಕ್ಕೆ ತಿಳಿಯಾಗಿರುವ, ತೆರೆದ ದಿನಾಂಕ ಗೊತ್ತಿರುವ ಸೀಸೆಯನ್ನು ಮಾತ್ರ ಪರೀಕ್ಷೆಗೆ ಎತ್ತಿಕೊಳ್ಳಬೇಕು. ಆಗತಾನೇ ಮಾಡಿದ ಶೇಕಡಾ 10ರ ಪೊಟ್ಯಾಸಿಯಂ ಅಯೊಡೈಡ್ ದ್ರಾವಣಕ್ಕೆ ಕೆಲವು ಹನಿ ಅಸಿಟಿಕ್ ಆಮ್ಲ ಸೇರಿಸಿ, ಅಷ್ಟೇ ಗಾತ್ರದ ಈಥರ್‌ನೊಂದಿಗೆ ಕುಲುಕಿದಾಗ ಹಳದಿ ಬಣ್ಣ ಬಂದರೆ ಪೆರಾಕ್ಸೈಡ್ ಇದೆ, ಕಂದಾದರೆ ಹೆಚ್ಚಿದೆ. ಗಂಜಿಯ ದ್ರಾವಣ ಹಾಕಿದರೆ ನೀಲಿ ಕಂಡು ಸಂಶಯ ತೀರುತ್ತದೆ. ಇಲ್ಲಿಯೂ ಖಾಲಿ ಪರೀಕ್ಷೆ ಬೇಕು, ಏಕೆಂದರೆ ಹಳೆಯ ಅಯೊಡೈಡ್ ದ್ರಾವಣವು ತಾನೇ ಗಾಳಿಯಿಂದ ಹಳದಿಯಾಗಿರುತ್ತದೆ. ಅಲ್ಪ ಪ್ರಮಾಣದ ಪೆರಾಕ್ಸೈಡನ್ನು ತೆಗೆಯಲು 60 ಗ್ರಾಂ ಫೆರಸ್ ಸಲ್ಫೇಟ್, 6 ಮಿಲಿಲೀಟರ್ ಪ್ರಬಲ ಸಲ್ಫ್ಯೂರಿಕ್ ಆಮ್ಲ ಮತ್ತು 110 ಮಿಲಿಲೀಟರ್ ನೀರಿನ ದ್ರಾವಣವನ್ನು ಮಾಡಿಟ್ಟುಕೊಂಡು ಅದರ ಸ್ವಲ್ಪ ಪಾಲಿನೊಂದಿಗೆ ಈಥರನ್ನು ಕುಲುಕಿ ಪದರ ಬೇರ್ಪಡಿಸಬೇಕು. ಟೆಟ್ರಾಹೈಡ್ರೊಫ್ಯುರಾನ್ ನೀರಿನಲ್ಲಿ ಬೆರೆತುಹೋಗುವುದರಿಂದ ಈ ದಾರಿ ಅದಕ್ಕೆ ಒಗ್ಗದು. ಸಕ್ರಿಯ ಅಲ್ಯೂಮಿನಾದ ಕಂಬದ ಮೂಲಕ ಹಾಯಿಸಬೇಕು. ಯಾವ ಈಥರನ್ನೂ ಫ್ಲಾಸ್ಕ್ ಒಣಗುವವರೆಗೆ ಬಟ್ಟಿ ಇಳಿಸಕೂಡದು: ಪೆರಾಕ್ಸೈಡ್‌ಗಳು ಈಥರ್‌ಗಿಂತ ನಿಧಾನವಾಗಿ ಆವಿಯಾಗುವುದರಿಂದ ತಳದಲ್ಲಿ ಸಾಂದ್ರವಾಗುತ್ತ ಹೋಗುತ್ತವೆ.

ಇನ್ನೊಂದು ದೂರು, ಸೀಸೆ ತೆರೆದಾಗ ‘ಬುಸ್’ ಎನ್ನುವುದು ಮತ್ತು ಅಳೆದಿಟ್ಟ ಈಥರ್ ಕಣ್ಣೆದುರೇ ಕಡಿಮೆಯಾಗುವುದು. ಪುಸ್ತಕದ ಪ್ರಕಾರ 34.6 ಡಿಗ್ರಿಯಲ್ಲಿ ಕುದಿಯುವ ಡೈಎಥೈಲ್ ಈಥರ್ ನಮ್ಮ ಒತ್ತಡದಲ್ಲಿ 32ಕ್ಕೂ ಮೊದಲೇ ಕುದಿಯುತ್ತದೆ. ಏಪ್ರಿಲ್‌ನಲ್ಲಿ ನಗರದ ಹಗಲಿನ ತಾಪ 34–35 ಮುಟ್ಟುತ್ತದೆ. ಅಂದರೆ ಬೇಸಗೆಯಲ್ಲಿ ಅದು ಕೋಣೆಯಲ್ಲಿ ತಾನಾಗಿಯೇ ಕುದಿಯುವ ದ್ರವ. ನಿಷ್ಕರ್ಷಣೆಯ ಆಲಿಕೆಯಲ್ಲಿ ಒತ್ತಡ ಕಟ್ಟಿ ಬಿರಟೆ ಹಾರುವುದು, ಇಳುವರಿಯ ಲೆಕ್ಕ ತಪ್ಪುವುದು ಇವೆಲ್ಲ ಇದರ ಫಲ. ಈಥರ್‌ನ ಕೆಲಸವನ್ನು ಬೆಳಗಿನ ಅವಧಿಗೆ ಹಾಕಿಕೊಂಡು, ಸೀಸೆಯನ್ನು ಮೊದಲು ಮಂಜುಗಡ್ಡೆಯ ನೀರಿನಲ್ಲಿ ತಣಿಸಿ ತೆರೆಯಬೇಕು. ಇದರ ಆವಿ ಗಾಳಿಗಿಂತ ಎರಡೂವರೆ ಪಟ್ಟು ಭಾರವಾಗಿದ್ದು ಮೇಜಿನುದ್ದಕ್ಕೂ ಹರಿದು ದೂರದ ಬರ್ನರನ್ನು ತಲುಪಬಲ್ಲದು. ಜ್ವಾಲಾಬಿಂದು, ಅಂದರೆ ಆವಿಯು ಕಿಡಿಗೆ ಹೊತ್ತಿಕೊಳ್ಳಬಲ್ಲ ಕನಿಷ್ಠ ತಾಪ, ಸೊನ್ನೆಗಿಂತ 45 ಡಿಗ್ರಿ ಕೆಳಗೆ. ಮನೆಬಳಕೆಯ ಫ್ರಿಜ್ಜಿನಲ್ಲಿ ಇಡುವುದು ಪರಿಹಾರವಲ್ಲ, ಅದರೊಳಗಿನ ಸ್ವಿಚ್ಚಿನ ಕಿಡಿಯೇ ಸಾಕು.

ಈಥರ್ ತಯಾರಿಸಲು ಹೋಗಿ ಆಲ್ಕೀನ್ ಬಂದರೆ

ಎಥನಾಲ್ ಮತ್ತು ಪ್ರಬಲ ಸಲ್ಫ್ಯೂರಿಕ್ ಆಮ್ಲದ ಮಿಶ್ರಣ 140 ಡಿಗ್ರಿಯ ಬಳಿ ಈಥರನ್ನು, 170ರ ಬಳಿ ಎಥೀನನ್ನು ಕೊಡುತ್ತದೆ. ಅನಿಲವೇ ಹೆಚ್ಚು ಬರುತ್ತಿದ್ದರೆ ತಾಪಮಾಪಕದ ಬುರುಡೆ ದ್ರವದಲ್ಲಿ ಮುಳುಗಿದೆಯೇ ನೋಡಿ. ಆವಿಯಲ್ಲಿ ತೂಗುತ್ತಿದ್ದರೆ ಅದು ತೋರಿಸುವುದಕ್ಕಿಂತ ದ್ರವ ಎಷ್ಟೋ ಬಿಸಿಯಾಗಿರುತ್ತದೆ. ಮಿಶ್ರಣ ಕಪ್ಪಾಗಿ ಮೂಗಿಗೆ ಚುಚ್ಚುವ ವಾಸನೆ ಬಂದರೆ ಆಮ್ಲವು ಆಲ್ಕೊಹಾಲನ್ನು ಸುಟ್ಟು ಗಂಧಕದ ಡೈಆಕ್ಸೈಡ್ ಬಿಡುತ್ತಿದೆ ಎಂದರ್ಥ.

ಅಲೆಕ್ಸಾಂಡರ್ ವಿಲಿಯಮ್ಸನ್ 1850ರಲ್ಲಿ ತೋರಿಸಿಕೊಟ್ಟ ಸಂಶ್ಲೇಷಣೆಯಲ್ಲಿ ದೋಷ ಸಾಮಾನ್ಯವಾಗಿ ಕೈಯಲ್ಲಿರುವುದಿಲ್ಲ, ಯೋಜನೆಯಲ್ಲಿರುತ್ತದೆ. ಮಿಥೈಲ್ ಟರ್ಶಿಯರಿ ಬ್ಯುಟೈಲ್ ಈಥರ್ ಬೇಕೆಂದು ಟರ್ಶಿಯರಿ ಬ್ಯುಟೈಲ್ ಬ್ರೋಮೈಡಿಗೆ ಸೋಡಿಯಂ ಮೆಥಾಕ್ಸೈಡ್ ಹಾಕಿದರೆ, ಮೂರು ಮಿಥೈಲ್ ಗುಂಪುಗಳು ಸುತ್ತುವರಿದ ಇಂಗಾಲವನ್ನು ಆಲ್ಕಾಕ್ಸೈಡ್ ಹಿಂದಿನಿಂದ ಮುಟ್ಟಲಾರದು. ಅದು ಪಕ್ಕದ ಹೈಡ್ರೋಜನ್ನನ್ನು ಕಿತ್ತುಕೊಳ್ಳುತ್ತದೆ, 2-ಮಿಥೈಲ್‌ಪ್ರೊಪೀನ್ ಅನಿಲವಾಗಿ ಹೊರಟುಹೋಗುತ್ತದೆ. ಪಾತ್ರಗಳನ್ನು ಅದಲುಬದಲು ಮಾಡಿ ಪೊಟ್ಯಾಸಿಯಂ ಟರ್ಶಿಯರಿ ಬ್ಯುಟಾಕ್ಸೈಡಿನೊಂದಿಗೆ ಮಿಥೈಲ್ ಅಯೊಡೈಡನ್ನು ಸೇರಿಸಿದರೆ ಬೇಕಾದ ಈಥರ್ ಬರುತ್ತದೆ.

ಥಯಾಲ್ ಕಾಣೆಯಾದರೆ, ವಾಸನೆ ಮಾತ್ರ ಉಳಿದರೆ

ಥಯಾಲನ್ನು ಆಲ್ಕೊಹಾಲ್‌ನ ಗಂಧಕದ ನಂಟನೆಂದು ತಿಳಿದು ಹಾಗೆಯೇ ನಡೆಸಿಕೊಂಡಾಗ ಮೊದಲ ದೋಷ ಹುಟ್ಟುತ್ತದೆ. ಗಂಧಕ ಮತ್ತು ಹೈಡ್ರೋಜನ್ನಿನ ನಡುವೆ ಹೈಡ್ರೋಜನ್ ಬಂಧ ದುರ್ಬಲವಾದದ್ದರಿಂದ ಎಥೇನ್‌ಥಯಾಲ್ 35 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಆಮ್ಲೀಯತೆಯಲ್ಲಿ ಮಾತ್ರ ಅದು ಎಥನಾಲ್‌ಗಿಂತ ಬಹಳ ಮುಂದಿದೆ: ಪಿಕೆಎ ಬೆಲೆ (ಇದು ಕಡಿಮೆಯಿದ್ದಷ್ಟೂ ಆಮ್ಲೀಯತೆ ಹೆಚ್ಚು) ಎಥನಾಲ್‌ಗೆ 16ರ ಸಮೀಪ, ಎಥೇನ್‌ಥಯಾಲ್‌ಗೆ 10.6. ಉತ್ಪನ್ನವನ್ನು ಸೋಡಿಯಂ ಹೈಡ್ರಾಕ್ಸೈಡಿನಿಂದ ತೊಳೆದ ಮೇಲೆ ಈಥರ್ ಪದರದಲ್ಲಿ ಏನೂ ಉಳಿದಿಲ್ಲವೆಂದರೆ, ಥಯಾಲ್ ಲವಣವಾಗಿ ನೀರಿನ ಪದರಕ್ಕೆ ಇಳಿದಿದೆ; ಹೊಗೆ ಕಪಾಟಿನೊಳಗೆ ಆ ಪದರವನ್ನು ಆಮ್ಲೀಯಗೊಳಿಸಿದರೆ ಮರಳಿ ಬರುತ್ತದೆ.

ಅಲ್ಲಿಯೂ ಸಿಗದಿದ್ದರೆ ಗಾಳಿಯನ್ನು ಶಂಕಿಸಬೇಕು. ಥಯಾಲ್ ಸುಲಭವಾಗಿ, ಅದರಲ್ಲಿಯೂ ಕ್ಷಾರೀಯ ದ್ರಾವಣದಲ್ಲಿ, ಉತ್ಕರ್ಷಣಗೊಂಡು ಡೈಸಲ್ಫೈಡ್ ಆಗುತ್ತದೆ. ನಲ್ಲಿ ನೀರಿನಲ್ಲಿ ಇರಬಹುದಾದ ಕಬ್ಬಿಣ ಅಥವಾ ತಾಮ್ರದ ಲೇಶವೂ ಇದನ್ನು ಚುರುಕುಗೊಳಿಸುತ್ತದೆ. ಡೈಸಲ್ಫೈಡ್ ಕ್ಷಾರದಲ್ಲಿ ಕರಗುವುದಿಲ್ಲ, ಲೆಡ್ ಅಸಿಟೇಟಿನೊಂದಿಗೆ ಥಯಾಲ್ ಕೊಡುವ ಹಳದಿ ಪ್ರಕ್ಷೇಪವನ್ನು ಕೊಡುವುದಿಲ್ಲ, ಕ್ಷಾರದಲ್ಲಿ ಸೋಡಿಯಂ ನೈಟ್ರೊಪ್ರಸೈಡಿನ ನೇರಳೆಗೆಂಪನ್ನೂ ಕೊಡುವುದಿಲ್ಲ. ಸತು ಮತ್ತು ಆಮ್ಲದಿಂದ ಅಪಕರ್ಷಿಸಿ ಮತ್ತೆ ಪರೀಕ್ಷಿಸಿದಾಗ ಬಣ್ಣ ಬಂದರೆ ರೋಗ ಪತ್ತೆಯಾದಂತೆ. ವಾಸನೆಯ ಸ್ವರೂಪ ಬದಲಾಗುವುದೂ ಒಂದು ಸುಳಿವು. ಅಡುಗೆಮನೆಯ ಇಂಗಿನ ಘಾಟಿನಲ್ಲಿ ಇಂಥ ಡೈಸಲ್ಫೈಡ್‌ಗಳದೇ ಮುಖ್ಯ ಪಾಲು. ತಯಾರಿಕೆಯಲ್ಲಿ ಥಯಾಲ್ ಬದಲು ಸಲ್ಫೈಡ್ ಹೆಚ್ಚು ಬರುತ್ತಿದ್ದರೆ, ಉಂಟಾದ ಥಯಾಲೇ ಉಳಿದ ಆಲ್ಕೈಲ್ ಹ್ಯಾಲೈಡಿನೊಂದಿಗೆ ಮತ್ತೆ ಪ್ರತಿಕ್ರಿಯಿಸಿದೆ. ಸೋಡಿಯಂ ಹೈಡ್ರೊಸಲ್ಫೈಡ್ ಬಿಟ್ಟು ಥಯೋಯೂರಿಯಾದ ದಾರಿ ಹಿಡಿದರೆ ಈ ತೊಡಕಿಲ್ಲ.

ಕೊನೆಯದಾಗಿ ವಾಸನೆ. ಒಮ್ಮೆ ನಮ್ಮ ಕಟ್ಟಡದ ಮೂರನೆಯ ಮಹಡಿಯವರೆಗೂ ಗ್ಯಾಸ್ ಸೋರಿಕೆಯ ಗುಲ್ಲೆದ್ದು, ಅಟೆಂಡರ್ ಓಡಿಹೋಗಿ ಸಿಲಿಂಡರ್ ಕೋಣೆಯ ಮುಖ್ಯ ವಾಲ್ವ್ ಮುಚ್ಚಿದರು. ಅವರು ಮಾಡಿದ್ದು ಸರಿಯಾಗಿತ್ತು. ಅಡುಗೆ ಅನಿಲಕ್ಕೆ ಬೆರೆಸುವುದೂ ಎಥೇನ್‌ಥಯಾಲ್‌ನಂಥ ವಸ್ತುವನ್ನೇ ಆದ್ದರಿಂದ, ಎರಡನ್ನೂ ಮೂಗಿನಿಂದ ಬೇರ್ಪಡಿಸಲಾಗದು. ಅನಿಲವೆಂದೇ ಮೊದಲು ಭಾವಿಸಿ ಕಿಟಕಿ ತೆರೆದು, ಸ್ವಿಚ್ ಮುಟ್ಟದೆ, ಜನರನ್ನು ಹೊರಗೆ ಕಳುಹಿಸಿ, ಆಮೇಲೆ ಕೊಳವೆಯ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ನೋಡಬೇಕು. ಅಂದು ಎಲ್ಲಿಯೂ ಗುಳ್ಳೆ ಏಳಲಿಲ್ಲ. ತೊಟ್ಟಿಯಲ್ಲಿ ಯಾರೋ ತೊಳೆದಿಟ್ಟ ಒಂದು ಸಣ್ಣ ಫ್ಲಾಸ್ಕ್ ಸಿಕ್ಕಿತು.

ಥಯಾಲ್ ತಗುಲಿದ ಗಾಜನ್ನು ನಲ್ಲಿಯಡಿ ಹಿಡಿಯದೆ, ಹೊಗೆ ಕಪಾಟಿನೊಳಗೇ ಸೋಡಿಯಂ ಹೈಪೊಕ್ಲೋರೈಟಿನ ಬ್ಲೀಚ್ ದ್ರಾವಣದಲ್ಲಿ ರಾತ್ರಿಯಿಡೀ ಮುಳುಗಿಸಿಡಬೇಕು. ಥಯಾಲ್ ವಾಸನೆಯಿಲ್ಲದ ಸಲ್ಫೋನಿಕ್ ಆಮ್ಲದವರೆಗೆ ಉತ್ಕರ್ಷಣಗೊಳ್ಳುತ್ತದೆ. ಆ ಬ್ಲೀಚ್ ದ್ರಾವಣಕ್ಕೆ ಆಮ್ಲ ಸೇರಿದರೆ ಕ್ಲೋರಿನ್ ಏಳುತ್ತದೆ. ಅಸಿಟೋನಿನಿಂದ ಜಾಲಿಸಿದ ಗಾಜನ್ನು ಹಾಗೆಯೇ ಅದರಲ್ಲಿ ಹಾಕಬಾರದು. ಅಯೊಡೋಫಾರ್ಮ್ ಪರೀಕ್ಷೆಯ ಕ್ಲೋರಿನ್ ರೂಪವೇ ಅಲ್ಲಿ ನಡೆದು ಬಿಸಿಯೂ ಕ್ಲೋರೊಫಾರ್ಮೂ ಹುಟ್ಟುತ್ತವೆ. ಮರುದಿನ ವಾಸನೆ ಹೋಗಿದೆಯೇ ಎಂದು ತೀರ್ಮಾನಿಸುವಾಗ, ಕೋಣೆಯೊಳಗೆ ಹೊತ್ತು ಕಳೆದವರ ಮೂಗು ಮರಗಟ್ಟಿರುವುದರಿಂದ, ಆಗತಾನೇ ಗೇಟಿನಿಂದ ಒಳಬಂದವರೊಬ್ಬರನ್ನು ಬಾಗಿಲ ಬಳಿ ನಿಲ್ಲಿಸಿ ಕೇಳಬೇಕು.